ತೊಂಬತ್ತೊಂಬತ್ತರ ಆಚೆಯ ದಶಮಾಂಶ

ಅಕ್ಕನ ಮಗಳ ಮೊದಲ ಫಲಿತಾಂಶ ಬಂದದ್ದು ಫೆಬ್ರವರಿಯಲ್ಲಿ. ಅಷ್ಟನ್ನು ಧೈರ್ಯವಾಗಿ ಹೇಳಬಹುದು, ಏಕೆಂದರೆ ಜನವರಿಯ ಪರೀಕ್ಷೆಯ ಫಲಿತಾಂಶ ಬರುವುದೇ ಆಗ. ಉಳಿದದ್ದೆಲ್ಲ ನನ್ನ ನೆನಪು. ನೆನಪನ್ನು ನಂಬಿ ಬರೆಯುವುದು ನನ್ನ ಓದಿಗೆ ಒಗ್ಗುವ ಕೆಲಸವಲ್ಲ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಚೆನ್ನೈನ ಒಂದು ವಿಮಾ ಕಚೇರಿಯಲ್ಲಿ ಜನ ಸರಾಸರಿ ಎಷ್ಟು ಕಾಲ ಬದುಕುತ್ತಾರೆ ಎಂದು ನೋಡುವುದು ನನ್ನ ಕೆಲಸ. ಒಬ್ಬ ಮನುಷ್ಯನ ಒಂದು ಕಥೆಗೆ ನಮ್ಮಲ್ಲಿ ಬೆಲೆಯಿಲ್ಲ. ಆದರೂ ಈ ಒಂದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದು ಆಗಲೇ ಬೇರೆ ರೂಪ ತಾಳುತ್ತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಜಿನಿಯರಿಂಗ್ ಓದಲು ಬರೆಯುವ ಆ ಪ್ರವೇಶ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ. ಎರಡನ್ನೂ ಬರೆಯಬಹುದು, ಯಾವುದು ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಫಲಿತಾಂಶವಾಗಿ ಕೊಡುವುದು ಅಂಕವನ್ನಲ್ಲ, ಪರ್ಸೆಂಟೈಲನ್ನು. ಅಂದರೆ ನೂರಕ್ಕೆ ಎಷ್ಟು ಜನ ನಿಮಗಿಂತ ಹಿಂದೆ ಇದ್ದಾರೆ ಅನ್ನುವುದನ್ನು, ಉದ್ದಕ್ಕೆ ದಶಮಾಂಶ ಸಮೇತ. ಹುಡುಗಿಗೆ ಬಂದದ್ದು ತೊಂಬತ್ತೊಂಬತ್ತು ಪಾಯಿಂಟ್ ಒಂದು. ಆಮೇಲಿನ ಅಂಕೆಗಳು ನನಗೆ ನೆನಪಿಲ್ಲ. ಆ ದಿನಗಳಲ್ಲಿ ಮನೆಯವರಿಗೆಲ್ಲ ಅವು ಬಾಯಿಪಾಠವಾಗಿದ್ದವು.

ಆ ಭಾನುವಾರ ನಾನು ತ್ರಿಪ್ಲಿಕೇನ್‌ನಿಂದ ಎಗ್ಮೋರಿಗೆ ಬಸ್ಸು, ಅಲ್ಲಿಂದ ಎಲೆಕ್ಟ್ರಿಕ್ ಟ್ರೈನು ಹಿಡಿದು ಕ್ರೋಂಪೇಟೆಗೆ ಹೋದೆ. ಅಕ್ಕ, ಭಾವ, ಅವರ ಒಬ್ಬಳೇ ಮಗಳು, ನಮ್ಮ ಅಮ್ಮ, ನಾಲ್ವರೂ ಅಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಮಹಡಿಮನೆಯಲ್ಲಿದ್ದಾರೆ. ಭಾವ ಬ್ಯಾಂಕಿನವರು, ಮಂಡ್ಯದ ಕಡೆಯವರು. ಮದರಾಸಿಗೆ ವರ್ಗವಾಗಿ ಬಂದವರು ಹೋಗುವ ಯೋಚನೆ ಮಾಡಲಿಲ್ಲ. ಬಾಲ್ಕನಿಯಲ್ಲಿ ನಿಂತರೆ ಹಳಿಯಾಚೆ ಇಂಜಿನಿಯರಿಂಗ್ ಕಾಲೇಜಿನ ಉದ್ದನೆಯ ಗೋಡೆ ಕಾಣುತ್ತದೆ.

ನಾನು ಚಪ್ಪಲಿ ಬಿಡುವ ಮೊದಲೇ ಭಾವ ಶುರು ಮಾಡಿದರು.

"ನೋಡಯ್ಯಾ, ನೂರು ಜನರನ್ನ ಸಾಲಾಗಿ ನಿಲ್ಸಿದ್ರೆ ಇವಳ ಮುಂದೆ ಒಬ್ಬನೂ ಪೂರ್ತಿ ನಿಲ್ಲಲ್ಲ. ಇನ್ನೇನು ಬೇಕು ಈ ಮಗೂಗೆ?"

"ನೂರು ಜನ ಅಲ್ಲ ಭಾವ. ಹತ್ತು ಲಕ್ಷ ಜನ ನಿಂತ್ರೆ ಇವಳ ಮುಂದೆ ಒಂಬತ್ತು ಸಾವಿರ ಜನ ಇರ್ತಾರೆ."

"ಬಂದ, ಹೆದರಿಸ್ದ," ಅಂದಳು ಅಕ್ಕ. "ಕಾಫಿ ಆದ್ರೂ ಕುಡಿದು ಹೆದರಿಸೋ."

"ಮಾಮ ಕರೆಕ್ಟಾ ಹೇಳ್ತಿದಾನೆ," ಅಂದಳು ಹುಡುಗಿ. ಅವಳಿಗೆ ಬೇಕಾಗಿದ್ದದ್ದು ಐದಾರು ಗಂಟೆಯ ರೈಲುದಾರಿಯಾಚೆ ಇರುವ ಒಂದು ಕೇಂದ್ರ ಸರ್ಕಾರದ ಕಾಲೇಜು. ಯಾವ ವಿಭಾಗವಾದರೂ ಸರಿ, ಹಾಸ್ಟೆಲ್ ಇದ್ದರೆ ಸಾಕು. ಜನವರಿಯ ಸಂಖ್ಯೆಗೆ ಅಲ್ಲಿ ಸೀಟು ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಇರಬಹುದು ಎನ್ನುವ ಸ್ಥಿತಿ. ಇನ್ನು ಅರ್ಧ ಪಾಯಿಂಟ್ ಏರಿದರೆ ಯಾರೂ ಅನುಮಾನ ಪಡಬೇಕಾಗಿರಲಿಲ್ಲ.

ಭಾವನ ವಾದವೂ ಕಡೆಗಣಿಸುವಂಥದ್ದಲ್ಲ. ತಮಿಳುನಾಡಿನ ಕಾಲೇಜುಗಳಲ್ಲಿ ಸೀಟು ಹಂಚುವುದು ಹನ್ನೆರಡನೇ ತರಗತಿಯ ಅಂಕದ ಮೇಲೆ. ಮಾರ್ಚಿನಲ್ಲಿ ಆ ಪರೀಕ್ಷೆ. ಅದರ ತಯಾರಿಯ ಹೊತ್ತನ್ನು ಏಪ್ರಿಲ್ ಪರೀಕ್ಷೆಗೆ ಕೊಟ್ಟರೆ ಇಲ್ಲಿಯ ಅಂಕ ಕುಸಿಯಬಹುದು. ಅಲ್ಲಿಯದು ಏರದೇ ಇರಬಹುದು. ಎರಡೂ ಕೈಬಿಟ್ಟರೆ?

"ಕಣ್ಣೆದುರಿಗೇ ಕಾಲೇಜಿದೆ," ಅಂದರು ಭಾವ. "ಹಳಿ ದಾಟಿದ್ರೆ ಕ್ಲಾಸು. ಜನ ಎಲ್ಲೆಲ್ಲಿಂದಲೋ ಬಂದು ಓದ್ತಾರೆ ಅಲ್ಲಿ."

"ಅಪ್ಪಾ, ಎಲ್‌ಕೆಜಿಯಿಂದ ಆ ಗೋಡೆ ನೋಡ್ತಾ ಇದೀನಿ. ಇನ್ನು ನಾಲ್ಕು ವರ್ಷ ಅದರ ಒಳಗೆ ಕೂತು ಈ ಬಾಲ್ಕನಿ ನೋಡ್ಬೇಕಾ? ಊಟಕ್ಕೆ ಮನೆಗೆ ಬಂದು?"

"ಊಟಕ್ಕೆ ಮನೆಗೆ ಬರೋದು ತಪ್ಪೇನೇ?" ಅಂದಳು ಅಕ್ಕ.

"ಅದೇ ಅಮ್ಮಾ ತಪ್ಪು."

ಅಮ್ಮ ಸೋಫಾದ ಮೂಲೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತದೆ, "ಹೋಗ್ಲಿ ಬಿಡ್ರೋ. ನೀವೆಲ್ಲ ಹೋಗ್ಲಿಲ್ವಾ ಊರು ಬಿಟ್ಟು?" ಅಂದಳು. ಅತ್ತೆಯ ಮಾತಿಗೆ ಎದುರಾಡುವ ಅಭ್ಯಾಸ ಭಾವನಿಗಿಲ್ಲ. ಸುಮ್ಮನಿದ್ದು ತಮಗೆ ತೋಚಿದ್ದನ್ನು ಮಾಡುತ್ತಾರೆ.

ಆಗ ಅಕ್ಕ ನನ್ನ ಕಥೆ ತೆಗೆದಳು. ತೆಗೆಯುತ್ತಾಳೆಂದು ನನಗೆ ಗೊತ್ತಿತ್ತು, ನನ್ನನ್ನು ಕರೆಸಿದ್ದೇ ಅದಕ್ಕೆ. ನಾನು ಎಂ.ಎಸ್ಸಿ. ಪ್ರವೇಶ ಪರೀಕ್ಷೆಯನ್ನು ಎರಡು ವರ್ಷ ಬರೆದೆನಂತೆ. ಮೊದಲ ಸಲ ಮೂವತ್ತನೇ ರ‍್ಯಾಂಕು, ಎರಡನೇ ಸಲ ನಾಲ್ಕನೆಯದು. "ಹೊಸದು ಒಂದಕ್ಷರ ಓದ್ಲಿಲ್ಲ ಇವನು. ತಪ್ಪಾದದ್ದನ್ನೇ ತಿರುಗಿಸಿ ತಿರುಗಿಸಿ ನೋಡ್ದ. ಅಷ್ಟೇ." ಈ ಕಥೆಯನ್ನು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗ ನಂಬಿಯೇ ಹೇಳಿದ್ದೇನೆ. ಆದರೆ ಆ ವರ್ಷವನ್ನು ನಿಜವಾಗಿ ನೆನೆಸಿಕೊಂಡರೆ ಸಿಗುವುದು ಪರೀಕ್ಷೆಯ ಕೋಣೆಯ ಕಿಟಕಿ, ಅದರ ಸರಳಿಗೆ ಯಾರೋ ಕಟ್ಟಿದ್ದ ಸೈಕಲ್ ಟ್ಯೂಬಿನ ತುಂಡು. ಮೂವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಿದರೆ ಅಕ್ಕನ ದನಿಯೇ ಕೇಳುತ್ತದೆ.

ಕೊನೆಗೆ ಒಪ್ಪಂದವಾಯಿತು. ಶಾಲೆಯ ಪರೀಕ್ಷೆಗಳಲ್ಲಿ ಅಂಕ ಕಡಿಮೆಯಾಗದಿದ್ದರೆ ಏಪ್ರಿಲ್‌ನಲ್ಲಿ ಬರೆಯಬಹುದು. ವಾರವೆಲ್ಲ ಶಾಲೆಗೆ, ಭಾನುವಾರ ಮಾತ್ರ ಮಾಮನಿಗೆ. "ಒಂದು ಸಲ ಇಳೀತು ಅಂದ್ರೆ ನಿಲ್ಸೋದೇ," ಅಂದರು ಭಾವ. ಹುಡುಗಿ ಅವರ ಕೈ ಎಳೆದು ಕುಲುಕಿದಳು.

ಮೇಲಿನ ತುದಿಯಲ್ಲಿರುವವರ ಕಷ್ಟ ಬೇರೆ ರೀತಿಯದು. ಅರವತ್ತು ತೆಗೆದವನಿಗೆ ಓದಲು ಪಾಠಗಳಿರುತ್ತವೆ. ತೊಂಬತ್ತೊಂಬತ್ತು ತೆಗೆದವಳಿಗೆ ಏನಿದೆ? ಓದಬೇಕಾದದ್ದೆಲ್ಲ ಓದಿಯಾಗಿದೆ. ಉಳಿದಿರುವುದು ಎಲ್ಲಿ ಸೋರುತ್ತಿದೆ ಎಂದು ನೋಡುವುದು ಮಾತ್ರ. ಅವಳು ಕೊಟ್ಟ ಉತ್ತರಗಳನ್ನೂ ಸರಿಯುತ್ತರಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಊಟದ ಮೇಜಿನ ಮುಂದೆ ಕೂತೆವು. ಗೊತ್ತಿಲ್ಲದೆ ಬಿಟ್ಟವು ಕೆಲವೇ ಕೆಲವು. ಊಹಿಸಿ ಕೆಟ್ಟವು ಒಂದೋ ಎರಡೋ. ಮಿಕ್ಕ ತಪ್ಪುಗಳನ್ನೆಲ್ಲ ಅವಳು ಒಂದೇ ಕಡೆ ಗುಡ್ಡೆ ಹಾಕಿದಳು.

"ಇದೆಲ್ಲ ಸುಮ್ಮಾ ಸಿಲ್ಲಿ ಮಿಸ್ಟೇಕ್ ಮಾಮ."

"ಸಿಲ್ಲಿ ಮಿಸ್ಟೇಕ್ ಅನ್ನೋದು ಕಾರಣ ಅಲ್ಲ ಕಣೇ. ಜ್ವರ ಬಂದವನಿಗೆ ಯಾಕಪ್ಪಾ ಅಂದ್ರೆ ಮೈ ಬಿಸಿಯಾಗಿದೆ ಅಂದ ಹಾಗೆ."

"ಅಯ್ಯೋ, ನಿನ್ನ ಉದಾಹರಣೆ! ಸೆಮ ಓಲ್ಡು," ಅಂದಳು, ಭಾರೀ ಹಳೇದು ಅಂತ. ಶಾಲೆ, ಸ್ನೇಹಿತರು, ಬೀದಿ ಎಲ್ಲ ತಮಿಳಾದ್ದರಿಂದ ಅವಳ ಕನ್ನಡ ಹೀಗೆಯೇ; ನಾವು ಕೇಳಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವ ಭಾಷೆಯಲ್ಲಿ ಬರುತ್ತದೋ ಹೇಳಲಾಗದು.

ಆ ತಪ್ಪುಗಳನ್ನು ಒಂದೊಂದಾಗಿ ನೋಡಿದಾಗ ಕಂಡದ್ದು ಇಷ್ಟು: ದಾರಿ ಸರಿ, ಸೂತ್ರ ಸರಿ, ಕೊನೆಯ ಗುಣಾಕಾರ ತಪ್ಪು. ಹದಿನೇಳನ್ನು ಎಂಟರಿಂದ ಗುಣಿಸಿ ನೂರ ಇಪ್ಪತ್ತಾರು ಬರೆಯುವವಳು ಇವಳಲ್ಲ. ಮನೆಯಲ್ಲಿ ಬರೆದ ಮಾದರಿ ಪರೀಕ್ಷೆಗಳಲ್ಲಿ ಇಂಥ ತಪ್ಪು ಹುಡುಕಿದರೂ ಇರಲಿಲ್ಲ. ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ.

ಇಲ್ಲಿಂದ ಮುಂದೆ ನನ್ನ ನೆನಪಿಗೂ ಉಳಿದವರ ನೆನಪಿಗೂ ತಾಳೆಯಾಗುವುದಿಲ್ಲ. ನನ್ನ ಪ್ರಕಾರ ಆದದ್ದು ಹೀಗೆ. ಅವಳು ಮೇಜಿನ ಆ ತುದಿಯಲ್ಲಿ ಲೆಕ್ಕ ಮಾಡುತ್ತಿದ್ದಳು, ನಾನು ಈ ತುದಿಯಲ್ಲಿ ಪೇಪರು ಓದುತ್ತಿದ್ದೆ. ಲೆಕ್ಕ ಮಾಡುವಾಗ ಗುನುಗುವುದು ಅವಳ ಅಭ್ಯಾಸ. ಇಂಗ್ಲಿಷಿನ 'ದೇರ್‌ಫೋರ್'ಗಳ ನಡುವೆ, ತಮಿಳಿನ ಬೈಗುಳಗಳ ನಡುವೆ, ತೆಳ್ಳಗೆ ಬೇರೆಯದೊಂದು ಕೇಳಿಸಿತು. "ಹದಿನೇಳೈದ್ಲ ಎಂಬತ್ತೈದು, ಹದಿನೇಳಾರ್ಲ ನೂರೆರಡು." ರಾಗವಾಗಿ, ನಮ್ಮಮ್ಮನ ದನಿಯ ಏರಿಳಿತದಲ್ಲಿ. ಅವಳಿಗೆ ಮಗ್ಗಿ ಕಲಿಸಿದ್ದು ಅಮ್ಮ. ಸಣ್ಣವಳಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಇಪ್ಪತ್ತರವರೆಗೂ ಒಪ್ಪಿಸುತ್ತಿದ್ದರು. ಮಿಕ್ಕ ಗಣಿತವೆಲ್ಲ ಅವಳಿಗೆ ಇಂಗ್ಲಿಷಿನಲ್ಲಿ ಬಂತು; ಗುಣಾಕಾರ ಮಾತ್ರ ಹಾಡಾಗಿ ಕನ್ನಡದಲ್ಲಿ ಉಳಿಯಿತು.

"ಹಾಲ್‌ನಲ್ಲೂ ಹೀಗೇ ಹೇಳ್ಕೊಂಡ್ಯಾ?" ಅಂತ ಕೇಳಿದೆ.

"ಅಲ್ಲಿ ಹೇಗೆ ಹೇಳೋದು? ತುಟಿ ಆಡಿದ್ರೆ ಮೇಡಂ ಹತ್ರ ಬಂದು ನಿಂತ್ಕೋತಾರೆ. ಅದಕ್ಕೇ ಮನಸ್ಸಲ್ಲಿ ಇಂಗ್ಲಿಷ್‌ನಲ್ಲಿ ಮಾಡ್ದೆ."

ಇದು ನನ್ನ ನೆನಪು. ಅಕ್ಕನ ಪ್ರಕಾರ ಇದನ್ನು ಗಮನಿಸಿದ್ದು ಅವಳು, ಒಗ್ಗರಣೆ ಹಾಕುವಾಗ. ಗಮನಿಸಿ ನನಗೆ ಹೇಳಿದಳು. ಅಮ್ಮನ ಪ್ರಕಾರ ಇದರಲ್ಲಿ ಯಾರೂ ಗಮನಿಸುವಂಥದ್ದೇನಿರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗಿಯನ್ನು ಈಚೆಗೆ ಕೇಳಿದರೆ, ಮೇಡಂ ಬಂದು ನಿಂತದ್ದು ಜನವರಿಯ ಪರೀಕ್ಷೆಯಲ್ಲಲ್ಲ, ಶಾಲೆಯ ಇನ್ಯಾವುದೋ ಪರೀಕ್ಷೆಯಲ್ಲಿ ಇರಬೇಕು ಅನ್ನುತ್ತಾಳೆ. ಹಾಗಾದರೆ ನನ್ನ ಸಿದ್ಧಾಂತದ ಒಂದು ಕಾಲು ಅಲ್ಲೇ ಮುರಿಯಿತು.

ಆಗ ಮಾತ್ರ ಅದು ಮುರಿದಿರಲಿಲ್ಲ. ಸಮಸ್ಯೆ ಸ್ಪಷ್ಟವಾಗಿತ್ತು: ಬಾಯಿ ಬಿಡದೆ ಹಾಡುವುದು ಹೇಗೆ? ತುಟಿ ಮುಚ್ಚಿಕೊಂಡು ಹೇಳಿ ನೋಡಿದಳು. ರಾಗ ಅರ್ಧಕ್ಕೆ ಕೈಕೊಟ್ಟು ಸಂಖ್ಯೆ ಎಲ್ಲೋ ಜಾರುತ್ತಿತ್ತು. ಕಾಲಿನಲ್ಲಿ ತಾಳ ಹಾಕಿದಳು. ಪಕ್ಕದವರಿಗೆ ತೊಂದರೆಯಾಗುತ್ತದೆ ಎಂದು ನಾನೇ ಬೇಡವೆಂದೆ. ಇಂಗ್ಲಿಷಿನಲ್ಲೇ ಹೊಸದಾಗಿ ಬಾಯಿಪಾಠ ಮಾಡು ಎಂದು ಭಾವ ಸೂಚಿಸಿದರು. ಅವರು ಕೋಣೆಯೊಳಗಿಂದಲೇ ಹೇಳಿದ ಆ ಮಾತಿಗೆ ಅಮ್ಮ ಮೊದಲ ಸಲ ತಲೆಯೆತ್ತಿದಳು.

"ಜಪ ಮಾಡೋರು ಬಾಯಿ ಬಿಟ್ಕೊಂಡು ಮಾಡ್ತಾರೇನ್ರೋ?" ಅಂದಳು. "ಬಾ ಇಲ್ಲಿ ಪುಟ್ಟಿ, ಕೈ ಕೊಡು."

ಹುಡುಗಿಯ ಎಡಗೈ ಹಿಡಿದು, ಹೆಬ್ಬೆರಳನ್ನು ಕಿರುಬೆರಳಿನ ಗಿಣ್ಣಿನ ಮೇಲಿಟ್ಟಳು. ಒಂದೊಂದು ಗೆರೆಗೆ ಒಂದೊಂದು ಮೆಟ್ಟಿಲು: ಹದಿನೇಳೊಂದ್ಲ, ಹದಿನೇಳೆರಡ್ಲ. ಹೆಬ್ಬೆರಳು ಜರುಗುತ್ತ ಹೋದಂತೆ ಮಗ್ಗಿ ಏರಬೇಕು, ನಾಲಿಗೆ ಮೇಲಂಗುಳಿಗೆ ಅಂಟಿರಬೇಕು, ತುಟಿ ಅಲುಗಕೂಡದು. ಅಮ್ಮ ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ಮಾಡುವುದು ಇದನ್ನೇ, ನಾಮ ಮಾತ್ರ ಬೇರೆ.

"ಅಜ್ಜಿ, ಇದು ಪಾಪ ಅಲ್ವಾ? ದೇವರ ಜಾಗದಲ್ಲಿ ಸೆವೆಂಟೀನ್ ಟೇಬಲ್?"

"ನೀನು ಇಂಗ್ಲಿಷ್‌ನಲ್ಲಿ ಮಾಡಿದ್ರೆ ಪಾಪ. ಸುಮ್ನೆ ಮಾಡು."

ನಾನು ನಕ್ಕೆ. ದೇವರು, ಜಪ ಯಾವುದನ್ನೂ ನಂಬದವನು ನಾನು ಎಂದು ಅಮ್ಮನಿಗೆ ಗೊತ್ತಿದೆ. "ಇವನು ನಗ್ಲಿ," ಅಂದಳು. "ಇವನು ಪರೀಕ್ಷೆ ಬರೆಯೋ ದಿನ ನಾನು ಎಷ್ಟು ಸಾವಿರ ಮಾಡಿದೀನಿ ಅಂತ ಇವನಿಗೇನು ಗೊತ್ತು?" ಹಾಗಾದರೆ ಮೂವತ್ತರಿಂದ ನಾಲ್ಕಕ್ಕೆ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು.

ಅಲ್ಲಿಂದ ಭಾನುವಾರಗಳೆಲ್ಲ ಒಂದೇ ಬಗೆಯಾದವು. ಮಾದರಿ ಪರೀಕ್ಷೆಯನ್ನು ಮನೆಯಲ್ಲಿ ಬರೆಸಿದರೆ ಏನೂ ತಿಳಿಯದು, ಅಲ್ಲಿ ಅವಳು ಗುನುಗಲು ಸ್ವತಂತ್ರಳು ಎಂದು ನಾನು ಅವಳನ್ನು ತ್ರಿಪ್ಲಿಕೇನ್‌ಗೆ ಕರೆಸಿಕೊಂಡೆ. ನನ್ನ ಮನೆಯ ಹಿಂದಿನ ಬೀದಿಯಲ್ಲಿ, ಲಾಡ್ಜುಗಳ ಸಾಲಿನಲ್ಲಿ, ಮಹಡಿಯ ಮೇಲೊಂದು ವಾಚನಾಲಯವಿದೆ. ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವವರು ಬೆಳಗಿನಿಂದ ಬಂದು ಕೂರುತ್ತಾರೆ. ನೋಡಿಕೊಳ್ಳುವ ಮುದುಕ ಯಾರು ಕೆಮ್ಮಿದರೂ ಕತ್ತು ತಿರುಗಿಸುತ್ತಾನೆ. ಇದಕ್ಕಿಂತ ಒಳ್ಳೆಯ ಹಾಲ್ ಬೇಕೆಂದರೂ ಸಿಗುತ್ತಿರಲಿಲ್ಲ.

ಮೊದಲ ಭಾನುವಾರವೇ ಮುದುಕ ಅವಳ ಹತ್ತಿರ ಬಂದು "ಪೇಸಾದೀಂಗಮ್ಮಾ" ಅಂದ, ಮಾತಾಡಬೇಡ ಅಂತ. ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಮುಂದಿನ ವಾರ ಅವನು ಹತ್ತಿರ ಬಂದು ನಿಂತ, ಏನೂ ಹೇಳದೆ ಹೋದ. ಅದರಾಚೆಯ ವಾರ ಬರಲೇ ಇಲ್ಲ. ಅವಳ ಎಡಗೈ ಮೇಜಿನ ಕೆಳಗೆ ತೊಡೆಯ ಮೇಲಿತ್ತು. ಹೆಬ್ಬೆರಳು ನಿಂತು ನಿಂತು ಜರುಗುತ್ತಿತ್ತು. ನಾನು ಎದುರಿಗೆ ಕೂತು ಪುಸ್ತಕ ಹಿಡಿದು ಅದನ್ನೇ ನೋಡುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಬೀದಿಯ ಕೊನೆಯ ಮೆಸ್ಸಿನಲ್ಲಿ ಊಟ. ಎಲೆಯ ಮುಂದೆ ಕೂತು ಉತ್ತರ ತಾಳೆ ನೋಡುತ್ತಿದ್ದೆವು. ಗುಣಾಕಾರದ ತಪ್ಪು ಕಡಿಮೆಯಾಗಿತ್ತು; ಒಂದು ವಾರ ಇಲ್ಲವೇ ಇಲ್ಲ.

"ನೋಡ್ದ್ಯಾ? ವರ್ಕ್ ಆಗ್ತಿದೆ," ಅಂದಳು.

"ಮೂರು ಸಲದಿಂದ ಏನೂ ಹೇಳಕ್ಕಾಗಲ್ಲ. ಪೇಪರು ಸುಲಭ ಇದ್ದಿರಬಹುದು. ನಿನಗೆ ಜಾಗ ಅಭ್ಯಾಸ ಆಗಿರಬಹುದು. ನಾನು ನೋಡ್ತಾ ಇದೀನಿ ಅಂತ ನೀನು ಹುಷಾರಾಗಿರಬಹುದು."

"ಮಾಮ, ನಿನ್ನನ್ನ ಕಟ್ಕೊಂಡ ಮಾಮಿಗೆ ಒಂದು ಅವಾರ್ಡ್ ಕೊಡ್ಬೇಕು. ಸಾರು ಚೆನ್ನಾಗಿದೆಯಾ ಅಂದ್ರೂ ಹೀಗೇ ಹೇಳ್ತೀಯಾ?"

"ಒಂದು ಸಲದಿಂದ ಹೇಳಕ್ಕಾಗಲ್ಲ."

ಅವಳು ಅನ್ನ ನೆತ್ತಿಗೇರುವಷ್ಟು ನಕ್ಕಳು. ನೀರು ಕುಡಿದು ಸುಧಾರಿಸಿಕೊಂಡು ಆಮೇಲೆ, ಬೇರೆ ದನಿಯಲ್ಲಿ, "ನಿಜವಾಗ್ಲೂ ಹೋಗ್ಬೇಕು ಮಾಮ," ಅಂದಳು. "ಕೋಪ ಏನಿಲ್ಲ. ಅಪ್ಪ ಅಮ್ಮ ಒಳ್ಳೆಯವರೇ. ಆದ್ರೆ ನಾನು ಏನು ತಿಂದೆ, ಎಷ್ಟೊತ್ತಿಗೆ ಎದ್ದೆ, ಯಾರ ಹತ್ರ ಮಾತಾಡ್ದೆ, ಎಲ್ಲಾ ಅವರಿಗೆ ಗೊತ್ತು. ನನಗೆ ಗೊತ್ತಾಗೋ ಮೊದ್ಲೇ ಗೊತ್ತು. ಒಂದು ಸಲ ಯಾರಿಗೂ ಗೊತ್ತಿಲ್ಲದ ಕಡೆ ಎದ್ದು ನೋಡ್ಬೇಕು."

ಈ ಮಾತನ್ನು ಅವಳು ಇಷ್ಟೇ ಪದಗಳಲ್ಲಿ ಹೇಳಿದಳೋ, ನಾನು ಜೋಡಿಸುತ್ತಿದ್ದೇನೋ ತಿಳಿಯದು. ಹದಿನೇಳರ ವಯಸ್ಸಿನಲ್ಲಿ ನನಗೂ ಹೀಗೇ ಅನ್ನಿಸಿದ್ದಿತು, ಆದ್ದರಿಂದ ಅನುಮಾನ. ಆದರೆ ಮೆಸ್ಸಿನವನು ಅವಳ ಎಲೆಗೆ ಕೇಳದೆ ಎರಡನೇ ಸಲ ಅನ್ನ ಹಾಕಿದ್ದು, ಅವಳು ಅದನ್ನು ಬಿಡದೆ ತಿಂದದ್ದು ನೆನಪಿದೆ.

ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಯಿತು. ಏಪ್ರಿಲ್ ಪರೀಕ್ಷೆಯ ದಿನ ಅವಳನ್ನು ಬಿಡಲು ಭಾವ, ನಾನು ಇಬ್ಬರೂ ಹೋದೆವು. ಗೇಟಿನ ಹೊರಗೆ ಬಿಸಿಲಿನಲ್ಲಿ ತಂದೆತಾಯಿಗಳ ಗುಂಪು. ಎಲ್ಲರ ಮಕ್ಕಳೂ ಎರಡನೇ ಸಲ ಬರೆಯುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಹೊಳೆದ ಒಂದು ವಿಷಯವನ್ನು ಭಾವನಿಗೆ ಹೇಳಿದೆ.

"ಭಾವ, ಇವರೆಲ್ಲರೂ ತಪ್ಪು ತಿದ್ದಿಕೊಂಡೇ ಬಂದಿರ್ತಾರೆ. ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಬಂದ್ರೆ ಸಾಲು ಹಾಗೇ ಇರುತ್ತೆ."

ಭಾವ ನನ್ನನ್ನು ಒಂದು ಕ್ಷಣ ನೋಡಿದರು. "ಇದನ್ನ ಫೆಬ್ರವರಿಯಲ್ಲಿ ಹೇಳ್ಬಾರದಾಗಿತ್ತೇನಯ್ಯಾ?" ಅಂದರು.

ಅವಳು ಹೊರಗೆ ಬಂದಾಗ ನಗುತ್ತಿದ್ದಳು. ಎಡಗೈ ಎತ್ತಿ ಹೆಬ್ಬೆರಳನ್ನು ಬೆರಳಿನ ಮೇಲೆ ಓಡಿಸಿ ತೋರಿಸಿದಳು. ಸರಿಯುತ್ತರಗಳು ಪ್ರಕಟವಾದ ದಿನ ಮನೆಯಲ್ಲೇ ಕೂಡಿ ನೋಡಿದೆವು: ಜನವರಿಗಿಂತ ಹದಿನೈದು ಅಂಕ ಹೆಚ್ಚು. ಗುಣಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಕ ಆ ಸಂಜೆ ಕೇಸರಿಬಾತು ಮಾಡಿದಳು. ಅಮ್ಮ, "ನಾನು ಹೇಳಿದ್ದೆ," ಅಂದಳು. ನಾನೂ ಹಾಗೇ ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ನಾಲ್ಕಾರು ದಿನದ ಮೇಲೆ ಪರ್ಸೆಂಟೈಲ್ ಬಂತು. ತೊಂಬತ್ತೆಂಟು ಪಾಯಿಂಟ್ ಒಂಬತ್ತು ಚಿಲ್ಲರೆ. ಜನವರಿಗಿಂತ ಕಡಿಮೆ.

ಫೋನಿನಲ್ಲಿ ಅಕ್ಕನಿಗೆ ಅರ್ಥವಾಗುವಂತೆ ಹೇಳುವುದು ಕಷ್ಟವಾಯಿತು. "ಅಂಕ ಜಾಸ್ತಿ ಆಗಿದೆ ಅಂದ್ರಿ. ಈಗ ಕಡಿಮೆ ಅಂತೀರಿ. ಯಾವುದೋ ನಿಜ?" ಎರಡೂ ನಿಜ ಅಂದೆ. ಅವಳ ಪೇಪರು ಸುಲಭವಾಗಿತ್ತು, ಅದನ್ನು ಬರೆದವರಿಗೆಲ್ಲ ಅಂಕ ಏರಿತು, ಇವಳಿಗಿಂತ ಸ್ವಲ್ಪ ಹೆಚ್ಚು ಏರಿದವರು ಮುಂದೆ ಹೋದರು. "ಅಂದ್ರೆ ಎಲ್ಲರ ಮನೆಯಲ್ಲೂ ಮಗ್ಗಿ ಹೇಳಿಸಿದಾರಾ?" ಅಂದಳು. ತಮಾಷೆಗೆ ಹೇಳಿದಳೋ ನಿಜವಾಗಿ ಕೇಳಿದಳೋ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಹೋದಾಗ ಹುಡುಗಿ ಕೋಣೆಯಿಂದ ಹೊರಗೆ ಬರಲಿಲ್ಲ. ಹನ್ನೆರಡನೇ ತರಗತಿಯ ಅಂಕವೂ ಅಷ್ಟರಲ್ಲಿ ಬಂದಿತ್ತು, ಚೆನ್ನಾಗಿಯೇ ಇತ್ತು. ಹಳಿಯಾಚೆಯ ಕಾಲೇಜಿಗೆ ಅದು ಬೇಕಾದಷ್ಟು. ಭಾವ ಗೆದ್ದವರಂತೆ ಇರಲಿಲ್ಲ. ಬಾಲ್ಕನಿಯ ಬಾಗಿಲನ್ನು ಅರ್ಧ ಮುಚ್ಚಿಟ್ಟಿದ್ದರು. ಬಾಗಿಲಾಚೆಯಿಂದ ನಾನು ಕರೆದಾಗ ಅವಳು, "ನೀನೇ ಹೇಳಿದ್ಯಲ್ಲ ಮಾಮ, ಮೂರು ಸಲದಿಂದ ಏನೂ ಹೇಳಕ್ಕಾಗಲ್ಲ ಅಂತ. ಕರೆಕ್ಟು. ಹೋಗು," ಅಂದಳು.

ಕೇಂದ್ರದ ಕಾಲೇಜುಗಳ ಸೀಟು ಹಂಚುವುದು ಸುತ್ತು ಸುತ್ತಾಗಿ. ಒಂದು ಸುತ್ತಿನಲ್ಲಿ ಬೇಡವೆಂದವರು ಬಿಟ್ಟದ್ದು ಮುಂದಿನ ಸುತ್ತಿನಲ್ಲಿ ಹಿಂದಿನವರಿಗೆ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಅವಳಿಗೆ ಏನೂ ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಭಾವ ಇಲ್ಲಿಯ ಕೌನ್ಸೆಲಿಂಗಿಗೆ ಬೇಕಾದ ದಾಖಲೆಗಳನ್ನು ಜೋಡಿಸಿಟ್ಟರು. ಪ್ರತಿ ಸುತ್ತಿನಲ್ಲೂ ಸೀಟು ಸಿಕ್ಕ ಕೊನೆಯ ರ‍್ಯಾಂಕು ಸ್ವಲ್ಪ ಸ್ವಲ್ಪ ಹಿಂದಕ್ಕೆ, ಅವಳ ಕಡೆಗೆ, ಜರುಗುತ್ತಿತ್ತು. ಅದನ್ನು ನೋಡುತ್ತ ಕೂರುವುದು ಬಿಟ್ಟು ಯಾರಿಗೂ ಏನೂ ಮಾಡಲು ಉಳಿದಿರಲಿಲ್ಲ. ಕೊನೆಯ ಸುತ್ತಿನಲ್ಲಿ ಲೋಹಶಾಸ್ತ್ರ ವಿಭಾಗದಲ್ಲಿ ಒಂದು ಸೀಟು ಬಂತು. ಐದಾರು ಗಂಟೆಯ ರೈಲುದಾರಿಯಾಚೆಯ ಅದೇ ಕಾಲೇಜು. ಬಂದದ್ದು ಜನವರಿಯ ಸಂಖ್ಯೆಗೆ. ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾವು ಏನೂ ಮಾಡದೆ ಇದ್ದಿದ್ದರೂ ಇದೇ ಸೀಟು, ಇದೇ ದಿನ ಬರುತ್ತಿತ್ತು.

ಇದನ್ನು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಅಂದು ಹೇಳುವ ವಾತಾವರಣವಿರಲಿಲ್ಲ. ಹುಡುಗಿ ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತಂತೆ. ಭಾವ ಜೋಡಿಸಿಟ್ಟಿದ್ದ ದಾಖಲೆಗಳನ್ನೇ ಎತ್ತಿಕೊಂಡು, "ಇವೇ ಅಲ್ಲಿಗೂ ಬೇಕಾಗುತ್ತೆ," ಎಂದು ಮತ್ತೊಮ್ಮೆ ಜೋಡಿಸತೊಡಗಿದರು.

ಅವಳು ಹೋಗಿ ಒಂದೂವರೆ ವರ್ಷವಾಯಿತು. ಮೊನ್ನೆ ಹಬ್ಬಕ್ಕೆ ಸೀರೆ ತರಬೇಕೆಂದು ಅಕ್ಕ ನನ್ನನ್ನು ಟಿ. ನಗರಕ್ಕೆ ಎಳೆದುಕೊಂಡು ಹೋಗಿದ್ದಳು. ಜವಳಿ ಅಂಗಡಿಯ ಮೂರನೇ ಮಹಡಿಯಲ್ಲಿ ಅವಳಿಗೆ ಪರಿಚಯದ ಒಬ್ಬ ಹೆಂಗಸು ಸಿಕ್ಕಿದರು, ಮೈಸೂರಿನವರು, ಗಂಡ ರೈಲ್ವೆಯಲ್ಲಿ. ಅವರ ಮಗನಿಗೆ ಈ ಸಲ ತೊಂಬತ್ತೊಂಬತ್ತು ಬಂದಿದೆಯಂತೆ, ಏಪ್ರಿಲ್‌ನಲ್ಲಿ ಮತ್ತೆ ಬರೆಸಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳವಂತೆ.

"ಬರೆಸ್ರೀ, ಖಂಡಿತಾ ಬರೆಸಿ," ಅಂದಳು ಅಕ್ಕ, ಒಂದು ಸೀರೆಯ ಸೆರಗನ್ನು ಕೈಮೇಲೆ ಹರಡಿಕೊಂಡು. "ನಮ್ಮವಳಿಗೆ ಎರಡನೇ ಸಲವೇ ಅಲ್ವಾ ಏರಿದ್ದು? ಅದರಲ್ಲೇ ಸೀಟು ಸಿಕ್ಕಿದ್ದು. ಇವನೇ ಕೂತು ಹೇಳ್ಕೊಟ್ಟ. ನಮ್ಮಮ್ಮ ಮಗ್ಗೀನ ಜಪ ಮಾಡಿಸಿದ್ರು, ನಂಬ್ತೀರಾ? ಕೇಳಿ ಬೇಕಾದ್ರೆ. ಇವನೂ ಹಾಗೇ, ಎರಡನೇ ಸಲ ಬರೆದು ಮೂವತ್ತರಿಂದ ನಾಲ್ಕಕ್ಕೆ ಬಂದವನು."

ಆ ಹೆಂಗಸು ನನ್ನ ಕಡೆ ತಿರುಗಿ, "ಹೌದಾ ಸಾರ್?" ಅಂದರು.

ಇಲ್ಲ, ಇಳಿಯಿತು ಅನ್ನಲು ಬಾಯಿ ತೆರೆದೆ. ಆದರೆ ಅಂಕ ಏರಿತ್ತು, ಅದೂ ನಿಜ. ಸೀಟು ಸಿಕ್ಕಿದ್ದು ಜನವರಿಯದರಿಂದ ಅನ್ನುವುದರಲ್ಲಿ ಅನುಮಾನವಿರಲಿಲ್ಲ, ಇರಲಿಲ್ಲವೇ? ಒಂದು ನಿಮಿಷ ಎಂದು ಹೇಳಿ ಮೆಟ್ಟಿಲ ಹತ್ತಿರ ಹೋಗಿ ಹುಡುಗಿಗೆ ಫೋನು ಮಾಡಿದೆ. ಅತ್ತ ಕಡೆ ತಟ್ಟೆಗಳ ಸದ್ದು, ಯಾರೋ ತಮಿಳಿನಲ್ಲಿ ಯಾರನ್ನೋ ಕರೆಯುತ್ತಿದ್ದರು.

"ಏಪ್ರಿಲ್‌ನಲ್ಲಿ ನಿನ್ನ ಪರ್ಸೆಂಟೈಲ್ ಏರ್ತಾ, ಇಳೀತಾ?" ಅಂದೆ.

"ಏನು ಮಾಮ, ಈಗ? ಏರ್ತಲ್ಲ? ಕೇಸರಿಬಾತ್ ಎಲ್ಲಾ ಮಾಡಿದ್ರಲ್ಲ?"

"ಅದು ಅಂಕಕ್ಕೆ. ಆಮೇಲೆ ನೀನು ಬಾಗಿಲು ಹಾಕ್ಕೊಂಡು ಕೂತಿದ್ದೆ."

"ಕೂತಿದ್ನಾ? ಇರಬಹುದು. ಯಾವುದಾದ್ರೇನು ಮಾಮ, ಬಂದ್ನಲ್ಲ. ಇಡ್ಲಿ ಖಾಲಿಯಾಗತ್ತೆ, ಇಡ್ತೀನಿ."

ಮೂರನೇ ಮಹಡಿಗೆ ವಾಪಸು ಹೋದೆ. ಆ ಹೆಂಗಸು ಕಾಯುತ್ತಿದ್ದರು. ಅವರ ಮಗನಿಗೆ ಆ ಸಂಖ್ಯೆ ಏಕೆ ಬೇಕು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ಬರೀಲಿ," ಅಂದೆ. "ಎರಡರಲ್ಲಿ ಒಳ್ಳೇದನ್ನೇ ಹಿಡೀತಾರೆ."

"ನೋಡಿದ್ರಾ?" ಅಂದಳು ಅಕ್ಕ. ಸೆರಗನ್ನು ನನ್ನ ಕಡೆ ಚಾಚಿ, ಬಣ್ಣ ಹೇಗಿದೆ ಅಂತ ಕೇಳಿದಳು.